ಜನಪ್ರಿಯ ನಾಯಕ ಬಹುಕಾಲ ಆಳಿದರೆ ಆರ್ಥಿಕತೆಗೆ ಏನಾಗುತ್ತದೆ?

ಶಿರಸಿಯ ಅಡಿಕೆ ಮಾರುಕಟ್ಟೆಯಲ್ಲಿ ಟೆಂಡರ್ ಮುಗಿದು ಚಹಾದ ಹೊತ್ತಾದರೆ ಒಂದು ಮಾತು ಬಂದೇ ಬರುತ್ತದೆ: ಬಸ್ಸು ಪುಕ್ಕಟೆ, ಕರೆಂಟು ಪುಕ್ಕಟೆ, ಮನೆಯೊಡತಿಯ ಖಾತೆಗೆ ತಿಂಗಳಿಗೆ ಎರಡು ಸಾವಿರ, ಹೀಗೇ ಆದರೆ ನಾವೂ ವೆನೆಜುವೆಲಾ ಆಗುತ್ತೇವೆ. ಘಟ್ಟದ ಕೆಳಗೆ ಕಾರವಾರದಲ್ಲಿ ಅದಕ್ಕೆ ಉತ್ತರವೂ ಸಿದ್ಧವಿದೆ: ನಿಮ್ಮ ಅಡಿಕೆಗೆ ಆಮದು ಸುಂಕದ ಬೇಲಿ, ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಬೆಳೆಸಾಲ, ಅದೆಲ್ಲ ಪುಕ್ಕಟೆ ಅಲ್ಲವೇ? ಬೋಟಿನವರಿಗೆ ಸಿಗುವ ತೆರಿಗೆ ವಿನಾಯಿತಿಯ ಡೀಸೆಲ್ಲಿನ ಸುದ್ದಿ ಮಾತ್ರ ಆ ಗಳಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ವೆನೆಜುವೆಲಾದಲ್ಲಿ ನಿಜವಾಗಿ ಕೆಟ್ಟದ್ದು ಏನು ಎಂಬ ಪ್ರಶ್ನೆಯನ್ನು ಇಬ್ಬರೂ ಮುಟ್ಟುವುದಿಲ್ಲ. ಅಲ್ಲಿ ದೇಶ ಮುಳುಗಿದ್ದು ಬಡವರಿಗೆ ಕೊಟ್ಟದ್ದರಿಂದ ಅಲ್ಲ, ಅಥವಾ ಅದೊಂದರಿಂದಲೇ ಅಲ್ಲ. ಕೊಡುವವನ ಕೈ ಹಿಡಿದು ‘ಇಷ್ಟು ಸಾಕು’ ಎನ್ನಬಲ್ಲ ವ್ಯವಸ್ಥೆಗಳು ಒಂದೊಂದಾಗಿ ಇಲ್ಲವಾದದ್ದರಿಂದ. ಅದಕ್ಕೆ ಕಾಲ ಹಿಡಿಯುತ್ತದೆ. ಆದ್ದರಿಂದಲೇ ಇಂಥ ಸರ್ಕಾರ ಎಷ್ಟು ಖರ್ಚು ಮಾಡಿತು ಎನ್ನುವಷ್ಟೇ, ಎಷ್ಟು ಕಾಲ ಉಳಿಯಿತು ಎನ್ನುವುದೂ ಮುಖ್ಯವಾಗುತ್ತದೆ.

ಮೊದಲು ಜನಪ್ರಿಯತಾವಾದಿ ಸರ್ಕಾರ ಎಂದರೆ ಯಾವುದು ಎಂಬುದನ್ನು ಗೊತ್ತುಮಾಡಿಕೊಳ್ಳೋಣ. ಪುಕ್ಕಟೆ ಕೊಡುವ ಸರ್ಕಾರಗಳೆಲ್ಲ ಈ ಲೆಕ್ಕಕ್ಕೆ ಬರುವುದಿಲ್ಲ. ರಾಜ್ಯಶಾಸ್ತ್ರಜ್ಞರು ಇದನ್ನು ಗುರುತಿಸುವುದು ನಾಯಕನ ರಾಜಕಾರಣದ ರೀತಿಯಿಂದ. ಸಮಾಜದಲ್ಲಿ ಎರಡೇ ಪಾಳೆಯ: ಒಂದು ಕಡೆ ಪ್ರಾಮಾಣಿಕ ಜನಸಾಮಾನ್ಯರು, ಇನ್ನೊಂದು ಕಡೆ ಅವರನ್ನು ಸುಲಿಯುವ ಮೇಲ್ವರ್ಗ, ಜನರ ದನಿ ನಾನೊಬ್ಬನೇ, ನನ್ನನ್ನು ವಿರೋಧಿಸುವವರು ಜನರ ವೈರಿಗಳು. ಆ ‘ಮೇಲ್ವರ್ಗ’ ಎಡದವರ ಬಾಯಲ್ಲಿ ಶ್ರೀಮಂತ, ಬ್ಯಾಂಕು, ವಿದೇಶಿ ಕಂಪನಿ ಆಗುತ್ತದೆ; ಬಲದವರ ಬಾಯಲ್ಲಿ ಬುದ್ಧಿಜೀವಿ, ವಲಸಿಗ, ನ್ಯಾಯಾಲಯ, ಪತ್ರಿಕೆ ಆಗುತ್ತದೆ. ಹಾಗಾಗಿ ಈ ಪಟ್ಟಿಯಲ್ಲಿ ವೆನೆಜುವೆಲಾದ ಎಡಪಂಥೀಯ ಹ್ಯೂಗೋ ಚಾವೆಸ್ ಪಕ್ಕದಲ್ಲೇ ಇಟಲಿಯ ಬಲಪಂಥೀಯ ಸಿಲ್ವಿಯೋ ಬೆರ್ಲುಸ್ಕೋನಿ ಕೂರುತ್ತಾರೆ.

ಕರ್ನಾಟಕದ ಗ್ಯಾರಂಟಿಗಳನ್ನು ಈ ಅಳತೆಗೆ ಹಚ್ಚಿ ನೋಡಿ. 2024–25ರ ಬಜೆಟ್‌ನ ಗಾತ್ರ ಸುಮಾರು 3.71 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಐದು ಗ್ಯಾರಂಟಿಗಳಿಗೆ ಸುಮಾರು 52 ಸಾವಿರ ಕೋಟಿ, ಅಂದರೆ ಏಳರಲ್ಲಿ ಒಂದು ಪಾಲು. ದೊಡ್ಡ ಮೊತ್ತವೇ, ಅದರ ಬಗ್ಗೆ ಜಗಳವಾಡಲು ಬೇಕಾದಷ್ಟು ಕಾರಣಗಳಿವೆ. ಆದರೆ ರಾಜ್ಯ ಸರ್ಕಾರ ನೋಟು ಮುದ್ರಿಸುವಂತಿಲ್ಲ, ಬಡ್ಡಿದರ ನಿಗದಿ ಮಾಡುವಂತಿಲ್ಲ. 2002ರ ವಿತ್ತೀಯ ಹೊಣೆಗಾರಿಕೆ ಕಾಯ್ದೆಯ ಪ್ರಕಾರ ಕೊರತೆ ರಾಜ್ಯದ ಒಟ್ಟು ಉತ್ಪನ್ನದ ಶೇ 3ರೊಳಗೆ, ಸಾಲ ಶೇ 25ರೊಳಗೆ ಇರಬೇಕು. ಕೇಂದ್ರದ ಸಾಲ ಬಾಕಿಯಿರುವಾಗ ಹೊಸ ಸಾಲಕ್ಕೆ ಸಂವಿಧಾನದ 293ನೇ ವಿಧಿಯಂತೆ ಕೇಂದ್ರದ ಒಪ್ಪಿಗೆ ಬೇಕು. ಇಷ್ಟೆಲ್ಲ ಕಟ್ಟುಗಳ ನಡುವೆ ಕೈಬಿಚ್ಚಿ ಖರ್ಚು ಮಾಡುವ ರಾಜ್ಯಕ್ಕೆ ಆಗುವುದು ವೆನೆಜುವೆಲಾದ ರೋಗ ಅಲ್ಲ. ಗುತ್ತಿಗೆದಾರರ ಬಿಲ್ ಬಾಕಿ ಉಳಿಯುವುದು, ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳಿಗೆ ಸಹಾಯಧನ ತಡವಾಗುವುದು, ರಸ್ತೆ-ಆಸ್ಪತ್ರೆಯ ಕಾಮಗಾರಿ ಮುಂದಕ್ಕೆ ಹೋಗುವುದು. ಅದು ಬೇರೆ ಕಾಯಿಲೆ, ಬೇರೆ ಮದ್ದು.

ಇನ್ನು ದೇಶಗಳ ಮಟ್ಟದ ಲೆಕ್ಕ. ಮ್ಯಾನುಯೆಲ್ ಫುಂಕೆ, ಮೊರಿಟ್ಜ್ ಶುಲಾರಿಕ್, ಕ್ರಿಸ್ಟೋಫ್ ಟ್ರೆಬೆಶ್ ಎಂಬ ಜರ್ಮನಿಯ ಮೂವರು ಅರ್ಥಶಾಸ್ತ್ರಜ್ಞರು 2023ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 1900ರಿಂದ 2020ರವರೆಗೆ 60 ದೇಶಗಳನ್ನು ಜಾಲಾಡಿ, ಮೇಲೆ ಹೇಳಿದ ಅಳತೆಗೆ ಹೊಂದುವ 51 ಅಧ್ಯಕ್ಷರು ಮತ್ತು ಪ್ರಧಾನಿಗಳನ್ನು ಅವರು ಗುರುತಿಸಿದರು. ಭಾರತದಿಂದ ಇಂದಿರಾ ಗಾಂಧಿ ಮತ್ತು ನರೇಂದ್ರ ಮೋದಿ ಇಬ್ಬರೂ ಅದರಲ್ಲಿದ್ದಾರೆ. ಎರಡೂ ಕಡೆಯ ಅಭಿಮಾನಿಗಳಿಗೆ ಸಮನಾಗಿ ಸಿಟ್ಟು ತರಿಸುವ ಪಟ್ಟಿ. ಯಾರನ್ನು ಸೇರಿಸಬೇಕಿತ್ತು, ಯಾರನ್ನು ಬಿಡಬೇಕಿತ್ತು ಎಂದು ವಾದಿಸಲು ಅವಕಾಶವಿದ್ದೇ ಇದೆ. ಒಟ್ಟು ಪಟ್ಟಿಯ ಸರಾಸರಿ ಏನು ಹೇಳುತ್ತದೆ ಎಂಬುದು ಇಲ್ಲಿ ಮುಖ್ಯ.

ಅದು ಹೇಳುವುದು ಇಷ್ಟು: ಇಂಥ ನಾಯಕ ಬಂದ 15 ವರ್ಷಗಳ ನಂತರ ದೇಶದ ತಲಾ ಉತ್ಪನ್ನ, ಅವನು ಬಾರದಿದ್ದರೆ ಇರುತ್ತಿದ್ದುದಕ್ಕಿಂತ ಸುಮಾರು ಶೇ 10ರಷ್ಟು ಕಡಿಮೆ ಇರುತ್ತದೆ. ತಿಂಗಳಿಗೆ 20 ಸಾವಿರ ದುಡಿಯಬಹುದಾಗಿದ್ದ ಮನೆ 18 ಸಾವಿರಕ್ಕೆ ನಿಲ್ಲುತ್ತದೆ ಎಂದುಕೊಳ್ಳಿ. ಮೊದಲ ಎರಡು ಮೂರು ವರ್ಷ ವ್ಯತ್ಯಾಸವೇ ಕಾಣುವುದಿಲ್ಲ. ಆಮೇಲೆ ಗೆರೆ ಬೇರೆಯಾಗತೊಡಗುತ್ತದೆ. ಎಡಪಂಥ, ಬಲಪಂಥ ಎಂಬ ಭೇದವೂ ಇದರಲ್ಲಿ ಹೆಚ್ಚಿಲ್ಲ. ಶ್ರೀಮಂತರಿಂದ ಕಿತ್ತು ಬಡವರಿಗೆ ಕೊಡುತ್ತೇವೆ ಎಂಬ ಘೋಷಣೆಯಾದರೂ ಫಲಿಸಿತೇ ಎಂದರೆ, ಸರಾಸರಿಯಲ್ಲಿ ಆದಾಯದ ಅಂತರವೂ ತಗ್ಗಿಲ್ಲ.

‘ಬಾರದಿದ್ದರೆ ಇರುತ್ತಿದ್ದುದು’ ಯಾರಿಗೆ ಗೊತ್ತು? ಚಾವೆಸ್ ಆಳದ ಇನ್ನೊಂದು ವೆನೆಜುವೆಲಾ ಭೂಮಿಯ ಮೇಲೆ ಇಲ್ಲವಲ್ಲ. ಸಂಶೋಧಕರು ಅದನ್ನು ಲೆಕ್ಕದಲ್ಲಿ ಕಟ್ಟುತ್ತಾರೆ. ಬೇರೆ ಬೇರೆ ದೇಶಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ನಾಯಕ ಬರುವ ಮುಂಚಿನ ವರ್ಷಗಳಲ್ಲಿ ಆ ದೇಶದ ಹೆಜ್ಜೆಗೆ ಹೆಜ್ಜೆ ಹೊಂದುವ ಒಂದು ಕಾಲ್ಪನಿಕ ಜೋಡಿಯನ್ನು ತಯಾರಿಸುತ್ತಾರೆ. ಆಮೇಲೆ ನಿಜವಾದ ದೇಶ ಮತ್ತು ಆ ಜೋಡಿ ಎಲ್ಲಿ ಬೇರೆಯಾದವು ಎಂದು ನೋಡುತ್ತಾರೆ. ಇಂಥ ನಾಯಕರು ಬರುವುದೇ ಕೆಟ್ಟ ಕಾಲದಲ್ಲಲ್ಲವೇ, ಹಿಂದಿನವರು ಮಾಡಿಟ್ಟ ಬಿಕ್ಕಟ್ಟಿನ ಪಾಪವನ್ನು ಇವರ ತಲೆಗೆ ಕಟ್ಟುವುದು ಸರಿಯೇ ಎಂಬುದು ನ್ಯಾಯವಾದ ಪ್ರಶ್ನೆ. ಆರ್ಥಿಕ ಬಿಕ್ಕಟ್ಟಿನ ಪರಿಣಾಮವನ್ನು ಗಣನೆಗೆ ತೆಗೆದುಕೊಂಡ ಮೇಲೂ ಫಲಿತಾಂಶ ಹೆಚ್ಚು ಬದಲಾಗುವುದಿಲ್ಲ ಎಂಬುದು ಅವರ ಉತ್ತರ. ನನಗೆ ಇದು ಪೂರ್ತಿ ಒಪ್ಪಿಗೆಯಾಗುವ ಉತ್ತರವಲ್ಲ. ಕಾಲ್ಪನಿಕ ಜೋಡಿ ಎಷ್ಟು ಚೆನ್ನಾಗಿ ಕಟ್ಟಿದ್ದರೂ ಕಾಲ್ಪನಿಕವೇ. ಆದರೆ ಒಂದು ಶತಮಾನ, ಹತ್ತಾರು ದೇಶ, ಎರಡೂ ಪಂಥ ಒಂದೇ ದಿಕ್ಕಿಗೆ ಬೊಟ್ಟು ಮಾಡುವಾಗ ಕೇವಲ ಕಾಕತಾಳೀಯ ಎಂದು ತಳ್ಳಿಹಾಕುವುದೂ ಕಷ್ಟ.

ಕಾಣದ ನಷ್ಟವನ್ನು ಊಹಿಸುವುದು ಉತ್ತರ ಕನ್ನಡದವರಿಗೆ ಉಳಿದವರಷ್ಟು ಕಷ್ಟವಾಗಬಾರದು. ಗಂಭೀರ ಕಾಯಿಲೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಗೋವಾ ಎಂದು ಓಡುವ ಜಿಲ್ಲೆ ಇದು. ದಶಕಗಳಿಂದ ಬರಲಿರುವ ಹುಬ್ಬಳ್ಳಿ–ಅಂಕೋಲಾ ರೈಲು ಇನ್ನೂ ಬರಲೇ ಇದೆ. ಕಟ್ಟದ ಆಸ್ಪತ್ರೆ ಯಾವ ಫೋಟೋದಲ್ಲೂ ಕಾಣುವುದಿಲ್ಲ, ಯಾವ ಉದ್ಘಾಟನೆಯ ಕಲ್ಲಿನ ಮೇಲೂ ಅದರ ಹೆಸರಿಲ್ಲ. ಆ ಶೇ 10 ಕೂಡ ಇದೇ ಜಾತಿಯದು.

ಬೇಲಿ ಕಿತ್ತವನಿಗೆ ಮೊದಲ ವರ್ಷ ಜೈಕಾರ

ಇದು ನಡೆಯುವ ಬಗೆಗೆ ನಮ್ಮ ಕಡಲಿನ ಉದಾಹರಣೆಯನ್ನೇ ಕೊಡುತ್ತೇನೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಬೈತಖೋಲ್, ತದಡಿ, ಭಟ್ಕಳದ ಬಂದರುಗಳಲ್ಲಿ ಸಾಲಾಗಿ ಲಂಗರು ಹಾಕಿರುತ್ತವೆ. ಮೀನು ಮೊಟ್ಟೆಯಿಡುವ ಕಾಲ. ಆಗ ಬಿಟ್ಟರೆ ಆಮೇಲೆ ಸಿಕ್ಕೀತು ಎಂಬುದು ಲೆಕ್ಕ. ಈಗ ಒಬ್ಬ ನಾಯಕ ಬಂದು ‘ಈ ನಿಷೇಧ ಬೆಂಗಳೂರು, ದೆಹಲಿಯ ಅಧಿಕಾರಿಗಳು ನಿಮ್ಮ ಹೊಟ್ಟೆಯ ಮೇಲೆ ಹೊಡೆಯಲು ಮಾಡಿದ್ದು, ಕಡಲು ನಿಮ್ಮದು, ಇಳಿಯಿರಿ’ ಎಂದರೆ? ಆ ಜೂನ್‌ನಲ್ಲಿ ಬಲೆ ತುಂಬುತ್ತದೆ, ಮಳೆಗಾಲದಲ್ಲಿ ಬಂಗಡೆ ಅಗ್ಗವಾಗುತ್ತದೆ, ನಾಯಕನ ಮೆರವಣಿಗೆಯೂ ಆಗುತ್ತದೆ. ಎರಡನೆಯ ವರ್ಷವೂ ಪರವಾಗಿಲ್ಲ. ಮೂರನೆಯ ವರ್ಷ ಮೀನು ಸಣ್ಣದಾಗುತ್ತದೆ, ನಾಲ್ಕನೆಯ ವರ್ಷ ಬೋಟಿನ ಸಾಲದ ಕಂತು ಕಟ್ಟಲಾಗುವುದಿಲ್ಲ. ಆಗ ತಪ್ಪು ಗೋವಾದ ಬೋಟುಗಳದ್ದು, ಕೇರಳದವರದ್ದು, ಬಿಸಿಯಾದ ಸಮುದ್ರದ್ದು. ಆ ಕಾರಣಗಳಲ್ಲಿ ಒಂದಿಷ್ಟು ನಿಜವೂ ಇರುತ್ತದೆ. ಆದ್ದರಿಂದಲೇ ಅವು ನಂಬಿಕೆಗೆ ಅರ್ಹವಾಗಿ ಕಾಣುತ್ತವೆ. ‘ಮೀನು ಮುಗಿಯುತ್ತಿದೆ’ ಎಂದು ಲೆಕ್ಕ ಕೊಟ್ಟ ಮೀನುಗಾರಿಕಾ ಇಲಾಖೆಯ ನೌಕರ ಅಷ್ಟರಲ್ಲಿ ವರ್ಗವಾಗಿರುತ್ತಾನೆ.

ಲಾಭ ಇವತ್ತು, ನಷ್ಟ ನಿಧಾನ. ನಷ್ಟದ ಲೆಕ್ಕ ಇಡುವವನೇ ಶತ್ರು. ದೇಶಗಳ ಕಥೆಯಲ್ಲೂ ಇದೇ ನಡೆಯುತ್ತದೆ, ಕಡಲಿನ ಜಾಗದಲ್ಲಿ ಬೊಕ್ಕಸ ಇರುತ್ತದೆ ಅಷ್ಟೆ.

ಆರಂಭದ ಸಂಭ್ರಮಕ್ಕೆ ಬಹಳ ಸಲ ಅದೃಷ್ಟವೂ ಜೊತೆ ಕೊಡುತ್ತದೆ. ಅರ್ಜೆಂಟೀನಾದಲ್ಲಿ 1946ರಲ್ಲಿ ಹುವಾನ್ ಪೆರೋನ್ ಅಧ್ಯಕ್ಷರಾಗಿ ಬಂದಾಗ ಎರಡನೇ ಮಹಾಯುದ್ಧದಲ್ಲಿ ಧಾನ್ಯ, ಮಾಂಸ ಮಾರಿ ಗಳಿಸಿದ ವಿದೇಶಿ ಹಣ ರಾಶಿ ಬಿದ್ದಿತ್ತು. ಅದರಲ್ಲಿ ಬ್ರಿಟಿಷರ ರೈಲ್ವೆಗಳನ್ನು ಕೊಂಡರು, ಕೂಲಿ ಬೆಲೆಗಿಂತ ವೇಗವಾಗಿ ಏರಿತು, ಕಾರ್ಮಿಕರು ಮೊದಲ ಬಾರಿಗೆ ಸಂಬಳದ ರಜೆಯಲ್ಲಿ ಕಡಲತೀರಕ್ಕೆ ಹೋದರು. ಇದೆಲ್ಲ ಸುಳ್ಳು ಸುಖವಲ್ಲ, ನಿಜವಾದದ್ದೇ. ಪೆರೋನ್ ಹೆಸರು ಇಂದಿಗೂ ಅಲ್ಲಿ ಮತ ತರುವುದು ಅದಕ್ಕಾಗಿಯೇ. ಆದರೆ ಹಣ ಬಂದದ್ದು ಎಲ್ಲಿಂದ? ಸರ್ಕಾರಿ ಸಂಸ್ಥೆಯೊಂದು ರೈತರಿಂದ ಕಡಿಮೆ ಬೆಲೆಗೆ ಗೋಧಿ ಕೊಂಡು ಹೊರದೇಶಕ್ಕೆ ಹೆಚ್ಚಿನ ಬೆಲೆಗೆ ಮಾರುತ್ತಿತ್ತು. ರೈತ ಬಿತ್ತನೆ ಕಡಿಮೆ ಮಾಡಿದ. ಬರವೂ ಸೇರಿಕೊಂಡು, ಜಗತ್ತಿನ ಗೋಧಿಯ ಕಣಜವೆನಿಸಿದ್ದ ದೇಶದಲ್ಲಿ 1952ರಲ್ಲಿ ಸಿರಿಧಾನ್ಯ ಬೆರೆಸಿದ ಕಪ್ಪು ಬ್ರೆಡ್ ತಿನ್ನಬೇಕಾಯಿತು.

ವೆನೆಜುವೆಲಾದಲ್ಲಿ ಆ ಅದೃಷ್ಟದ ಹೆಸರು ಕಚ್ಚಾತೈಲ. 1999ರಲ್ಲಿ ಚಾವೆಸ್ ಅಧಿಕಾರ ಹಿಡಿಯುವಾಗ ಬ್ಯಾರಲ್‌ಗೆ ಹತ್ತು ಡಾಲರ್ ಆಸುಪಾಸಿನಲ್ಲಿದ್ದ ಬೆಲೆ 2008ರಲ್ಲಿ ನೂರು ದಾಟಿತು. ಬಡತನ ಗಣನೀಯವಾಗಿ ಇಳಿಯಿತು, ಕೊಳೆಗೇರಿಗಳಿಗೆ ಕ್ಯೂಬಾದ ವೈದ್ಯರು ಬಂದರು. ಅದೇ ಹೊತ್ತಿಗೆ ಬೇರೊಂದು ಕೆಲಸವೂ ನಡೆದಿತ್ತು. 2002ರ ಡಿಸೆಂಬರ್‌ನಲ್ಲಿ ಶುರುವಾದ ಮುಷ್ಕರದ ನಂತರ ಸರ್ಕಾರಿ ತೈಲ ಕಂಪನಿಯ ಸುಮಾರು 18 ಸಾವಿರ ನೌಕರರನ್ನು ಕೆಲಸದಿಂದ ತೆಗೆಯಲಾಯಿತು. ಅವರಲ್ಲಿ ಬಾವಿ ಕೊರೆಯುವ, ಶುದ್ಧೀಕರಣ ಘಟಕ ನಡೆಸುವ ಅನುಭವಿಗಳೂ ಇದ್ದರು. 2003ರಲ್ಲಿ ಡಾಲರ್ ವಿನಿಮಯಕ್ಕೂ ದಿನಬಳಕೆಯ ಸಾಮಾನಿನ ಬೆಲೆಗೂ ನಿಯಂತ್ರಣ ಬಂತು. ತೈಲದ ಬೆಲೆ ಏರುತ್ತಿದ್ದಷ್ಟು ಕಾಲ ಈ ಬಿರುಕುಗಳು ಮುಚ್ಚಿಹೋದವು. 2014ರಲ್ಲಿ ಬೆಲೆ ಕುಸಿದಾಗ ಬಾವಿಗಳಲ್ಲಿ ಎಣ್ಣೆಯಿತ್ತು, ಎತ್ತಬಲ್ಲವರು ಇರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ದಿನಕ್ಕೆ 30 ಲಕ್ಷ ಬ್ಯಾರಲ್ ದಾಟಿದ್ದ ಉತ್ಪಾದನೆ 2020ರಲ್ಲಿ ಐದು ಲಕ್ಷದ ಕೆಳಗೆ ಇಳಿಯಿತು. 2017 ಮತ್ತು 2019ರ ಅಮೆರಿಕದ ನಿರ್ಬಂಧಗಳು ಗಾಯಕ್ಕೆ ಉಪ್ಪು ಸವರಿದವು, ಅದು ಸುಳ್ಳಲ್ಲ; ಆದರೆ ಕುಸಿತ ಅವುಗಳಿಗಿಂತ ಮೊದಲೇ ಶುರುವಾಗಿತ್ತು. 2008, 2018, 2021ರಲ್ಲಿ ಮೂರು ಕಂತಿನಲ್ಲಿ ಅಲ್ಲಿನ ನೋಟಿನಿಂದ ಒಟ್ಟು 14 ಸೊನ್ನೆಗಳನ್ನು ಅಳಿಸಬೇಕಾಯಿತು. ದೇಶ ಬಿಟ್ಟವರು 70 ಲಕ್ಷಕ್ಕೂ ಹೆಚ್ಚು. ನಮ್ಮ ಕಾರವಾರ, ಅಂಕೋಲೆಯ ಹುಡುಗರು ಗೋವಾಕ್ಕೆ ಕೆಲಸಕ್ಕೆ ಹೋಗುವುದು ಒಂದು ಬಗೆ. ಅಲ್ಲಿ ಶಿಕ್ಷಕಿಯರೂ ನರ್ಸುಗಳೂ ಗಂಟು ಹೊತ್ತು ನಡೆದು ಗಡಿ ದಾಟಿದ್ದು ಬೇರೆಯೇ ಬಗೆ.

ಡಾಲರ್ ನಿಯಂತ್ರಣದ ಒಂದು ವಿಚಿತ್ರ ಫಲವನ್ನು ಇಲ್ಲಿಯೇ ಹೇಳಬೇಕು. ಸರ್ಕಾರಿ ದರದಲ್ಲಿ ಡಾಲರ್ ಅಗ್ಗ, ಕಾಳಸಂತೆಯಲ್ಲಿ ಹಲವು ಪಟ್ಟು ದುಬಾರಿ. ಕಚೇರಿಯಲ್ಲಿ ಗುರುತಿನವರಿದ್ದವನು ಆಮದಿನ ಹೆಸರಿನಲ್ಲಿ ಅಗ್ಗದ ಡಾಲರ್ ಪಡೆದು ಹೊರಗೆ ಮಾರಿದರೆ ಮುಗಿಯಿತು. ಅಂಗಡಿ ಬೇಡ, ಕಾರ್ಖಾನೆ ಬೇಡ. ಮೇಲ್ವರ್ಗವನ್ನು ಇಳಿಸುತ್ತೇನೆಂದು ಬಂದ ಸರ್ಕಾರ ಹೀಗೆ ತನ್ನದೇ ಮೇಲ್ವರ್ಗವೊಂದನ್ನು ಸಾಕಿ ಬೆಳೆಸಿತು. ಆದಾಯದ ಅಂತರ ಯಾಕೆ ತಗ್ಗುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲಿಯೇ ಇದೆ.

ಬೆಲೆಗೆ ಬೀಗ, ಲೆಕ್ಕಕ್ಕೆ ಬಣ್ಣ

ಬೆಲೆಗೆ ಬೀಗ ಹಾಕುವುದು ಇಂಥ ಸರ್ಕಾರಗಳಿಗೆ ಬಹಳ ಪ್ರಿಯವಾದ ಉಪಾಯ. ಹಂಗೇರಿಯಲ್ಲಿ ವಿಕ್ಟರ್ ಓರ್ಬಾನ್ ಸರ್ಕಾರ 2021ರ ನವೆಂಬರ್‌ನಲ್ಲಿ ಪೆಟ್ರೋಲನ್ನು ಲೀಟರಿಗೆ 480 ಫೋರಿಂಟ್‌ಗೆ ಕಟ್ಟಿಹಾಕಿತು, 2022ರ ಫೆಬ್ರುವರಿಯಲ್ಲಿ ಸಕ್ಕರೆ, ಹಿಟ್ಟು, ಹಾಲಿನಂಥವುಗಳಿಗೂ ಮಿತಿ ಹಾಕಿತು. ಅದೇ ಏಪ್ರಿಲ್‌ನಲ್ಲಿ ಚುನಾವಣೆ ಗೆದ್ದಿತು. ನಷ್ಟಕ್ಕೆ ಮಾರಲು ಯಾರೂ ತೈಲ ಆಮದು ಮಾಡಲಿಲ್ಲ. ಬಂಕುಗಳು ಒಣಗಿದ ಮೇಲೆ ಡಿಸೆಂಬರ್‌ನಲ್ಲಿ ಮಿತಿಯನ್ನು ತೆಗೆಯಲೇಬೇಕಾಯಿತು. ಮಿತಿಯಿದ್ದ ಸಾಮಾನಿನ ನಷ್ಟವನ್ನು ಅಂಗಡಿಗಳು ಮಿತಿಯಿಲ್ಲದ ಸಾಮಾನಿನ ಮೇಲೆ ಹೇರಿದವು. ಆ ವರ್ಷಾಂತ್ಯಕ್ಕೆ ಆಹಾರದ ಬೆಲೆ ಏರಿಕೆ ಶೇ 40 ದಾಟಿತ್ತು. 2023ರ ಆರಂಭದಲ್ಲಿ ಯುರೋಪಿಯನ್ ಒಕ್ಕೂಟದಲ್ಲೇ ಅತಿ ಹೆಚ್ಚಿನ ಹಣದುಬ್ಬರ ಹಂಗೇರಿಯದ್ದು.

ನಮ್ಮಲ್ಲೂ ಇದರ ರುಚಿ ನೋಡಿದವರಿದ್ದಾರೆ. 1973ರಲ್ಲಿ ಇಂದಿರಾ ಗಾಂಧಿ ಸರ್ಕಾರ ಗೋಧಿಯ ಸಗಟು ವ್ಯಾಪಾರವನ್ನು ಖಾಸಗಿಯವರಿಂದ ಕಿತ್ತುಕೊಂಡಿತು. ರೈತರು ಗೋಧಿಯನ್ನು ಮಾರುಕಟ್ಟೆಗೆ ತರಲಿಲ್ಲ. ಮರುವರ್ಷವೇ ಸರ್ಕಾರ ಹಿಂದೆ ಸರಿಯಿತು. 1969ರ ಜುಲೈ 19ರ ಬ್ಯಾಂಕ್ ರಾಷ್ಟ್ರೀಕರಣದ ಕಥೆ ಅಷ್ಟು ಸರಳವಲ್ಲ. ಅಂದು ಸರ್ಕಾರದ ಪಾಲಾದ 14 ಬ್ಯಾಂಕುಗಳಲ್ಲಿ ಕೆನರಾ ಮತ್ತು ಸಿಂಡಿಕೇಟ್ ಎರಡೂ ನಮ್ಮ ಕರಾವಳಿಯ ಕೂಸುಗಳು. ಬ್ಯಾಂಕು ಹಳ್ಳಿಗೆ ಬಂತು ಎಂಬುದು ನಿಜ. ಬ್ಯಾಂಕಿನ ಮ್ಯಾನೇಜರ್ ಯಾರಿಗೆ ಸಾಲ ಕೊಡಬೇಕೆಂದು ರಾಜಕಾರಣಿ ತೀರ್ಮಾನಿಸುವ ದಾರಿ ತೆರೆದದ್ದೂ ನಿಜ. ಎಂಬತ್ತರ ದಶಕದಲ್ಲಿ ಜನಾರ್ದನ ಪೂಜಾರಿಯವರ ಸಾಲಮೇಳಗಳು ಕರಾವಳಿಯವರಿಗೆ ಇನ್ನೂ ನೆನಪಿವೆ: ಎಮ್ಮೆ ಕೊಂಡು ಬದುಕು ಕಟ್ಟಿಕೊಂಡವರೂ ಇದ್ದರು, ಇದು ಸರ್ಕಾರದ ದುಡ್ಡು, ಕಟ್ಟಬೇಕಾಗಿಲ್ಲ ಎಂದುಕೊಂಡವರೂ ಇದ್ದರು. 1990ರಲ್ಲಿ ಕೇಂದ್ರದ, 2018ರಲ್ಲಿ ರಾಜ್ಯದ ಸಾಲಮನ್ನಾಗಳು ಬಂದಾಗ ಸೊಸೈಟಿಯಲ್ಲಿ ಗಡುವಿನೊಳಗೆ ಸಾಲ ತೀರಿಸಿದವರ ಮುಖ ನೋಡಬೇಕಿತ್ತು. ಪಕ್ಷಗಳು ಬೇರೆ ಬೇರೆ, ಪಾಠ ಒಂದೇ: ಮುಂದಿನ ಸಲ ಕಾಯಿರಿ.

ಬೀಗ ಹಾಕಿದ ಬೆಲೆಯೂ ಏರಿದರೆ ಮುಂದಿನ ಉಪಾಯ ಏರಿದ್ದನ್ನು ಲೆಕ್ಕದಲ್ಲಿ ತೋರಿಸದಿರುವುದು. ಅರ್ಜೆಂಟೀನಾದಲ್ಲಿ 2007ರ ಜನವರಿಯಲ್ಲಿ ಅಧ್ಯಕ್ಷ ನೆಸ್ಟರ್ ಕಿರ್ಚ್ನರ್ ಸರ್ಕಾರ ಅಂಕಿಅಂಶ ಇಲಾಖೆಯ ಬೆಲೆ ಸೂಚ್ಯಂಕ ವಿಭಾಗಕ್ಕೆ ತನ್ನವರನ್ನು ತಂದಿತು. ಅಲ್ಲಿಂದ ವರ್ಷಗಟ್ಟಲೆ ಸರ್ಕಾರಿ ಹಣದುಬ್ಬರ ಶೇ 10ರ ಆಸುಪಾಸಿನಲ್ಲಿತ್ತು. ಖಾಸಗಿಯವರು ಲೆಕ್ಕ ಹಾಕಿದರೆ ಅದರ ಎರಡು ಪಟ್ಟಿಗೂ ಮಿಕ್ಕಿ. ಸುಳ್ಳು ಅಂಕಿ ಪತ್ರಿಕೆಯಲ್ಲಿ ಬಂದರೆ ಯಾರಿಗೆ ನಷ್ಟ ಎಂದು ಕೇಳಬಹುದು. ಹಣದುಬ್ಬರಕ್ಕೆ ತಕ್ಕಂತೆ ಬಡ್ಡಿ ಕೊಡುವ ಸರ್ಕಾರಿ ಬಾಂಡ್ ಕೊಂಡವನಿಗೆ ನಷ್ಟ, ಎಷ್ಟು ಏರಿಕೆ ಕೇಳಬೇಕೆಂದು ತಿಳಿಯದ ಕಾರ್ಮಿಕ ಸಂಘಕ್ಕೆ ನಷ್ಟ. ಕೊನೆಗೆ ಸರ್ಕಾರಕ್ಕೇ ನಷ್ಟ, ಏಕೆಂದರೆ ತನ್ನ ಜ್ವರ ಎಷ್ಟಿದೆ ಎಂಬುದು ಅದಕ್ಕೂ ತಿಳಿಯುವುದಿಲ್ಲ. 2013ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ಅರ್ಜೆಂಟೀನಾಕ್ಕೆ ಈ ವಿಷಯದಲ್ಲಿ ಛೀಮಾರಿ ಹಾಕಿತು. ಆ ಸಂಸ್ಥೆಯ ಇತಿಹಾಸದಲ್ಲಿ ಅಂಥದ್ದು ಅದೇ ಮೊದಲು.

ಇದೇ ಸರ್ಕಾರ 2006ರ ಮಾರ್ಚ್‌ನಲ್ಲಿ ದೇಶದೊಳಗೆ ಮಾಂಸ ಅಗ್ಗವಾಗಲಿ ಎಂದು ದನದ ಮಾಂಸದ ರಫ್ತನ್ನು 180 ದಿನ ನಿಷೇಧಿಸಿತ್ತು. ಅಗ್ಗವಾಯಿತು, ಕೆಲವು ಕಾಲ. ಸಾಕುವವರು ಲಾಭವಿಲ್ಲವೆಂದು ಹಸುಗಳನ್ನೇ ಮಾರಿ ಜಮೀನಿಗೆ ಸೋಯಾ ಹಾಕಿದರು. ಮುಂದೆ ಬರವೂ ಬಡಿದು, ದನಗಳ ಸಂಖ್ಯೆ ಸುಮಾರು ಒಂದು ಕೋಟಿ ಕುಸಿದ ಮೇಲೆ ಮಾಂಸ ಮೊದಲಿಗಿಂತ ತುಟ್ಟಿಯಾಯಿತು.

ಬಡ್ಡಿದರದ ಜೊತೆ ಜಗಳ

ಟರ್ಕಿಯ ಕಥೆಯಲ್ಲಿ ಕಾಲದ ಪ್ರಶ್ನೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ರೆಸೆಪ್ ತಯ್ಯಿಪ್ ಎರ್ಡೋಗನ್ 2003ರಲ್ಲಿ ಪ್ರಧಾನಿಯಾದಾಗ 2001ರ ಬಿಕ್ಕಟ್ಟಿನ ನಂತರದ ಸುಧಾರಣೆಗಳು ಜಾರಿಯಲ್ಲಿದ್ದವು. ಕೇಂದ್ರ ಬ್ಯಾಂಕಿಗೆ ಸ್ವಾತಂತ್ರ್ಯವಿತ್ತು. ಮೊದಲ ದಶಕ ಒಳ್ಳೆಯದೇ ಆಗಿತ್ತು: ರಸ್ತೆ, ಆಸ್ಪತ್ರೆ, ಏರುವ ಆದಾಯ. ಐದು ಅಥವಾ ಎಂಟು ವರ್ಷಕ್ಕೆ ಅವರು ಇಳಿದಿದ್ದರೆ ಯಶಸ್ವಿ ನಾಯಕರ ಸಾಲಿನಲ್ಲಿ ಅವರ ಹೆಸರಿರುತ್ತಿತ್ತು.

ಅವರು ಇಳಿಯಲಿಲ್ಲ. ಹೆಚ್ಚಿನ ಬಡ್ಡಿಯೇ ಹಣದುಬ್ಬರಕ್ಕೆ ಕಾರಣ ಎಂಬುದು ಎರ್ಡೋಗನ್ ನಂಬಿಕೆ. ಅರ್ಥಶಾಸ್ತ್ರ ಹೇಳುವುದು ಇದಕ್ಕೆ ತದ್ವಿರುದ್ಧ. ಕೇಂದ್ರ ಬ್ಯಾಂಕ್ ಗವರ್ನರ್‌ಗಳನ್ನು 2019ರ ಜುಲೈ, 2020ರ ನವೆಂಬರ್, 2021ರ ಮಾರ್ಚ್‌ನಲ್ಲಿ ಒಬ್ಬರಾದ ಮೇಲೊಬ್ಬರಂತೆ ತೆಗೆಯಲಾಯಿತು. 2021ರ ಸೆಪ್ಟೆಂಬರ್‌ನಿಂದ ಬಡ್ಡಿ ಇಳಿಯತೊಡಗಿತು, ಶೇ 19ರಿಂದ ವರ್ಷಾಂತ್ಯಕ್ಕೆ 14ಕ್ಕೆ. 2022ರ ಅಕ್ಟೋಬರ್‌ನಲ್ಲಿ ಹಣದುಬ್ಬರ ಶೇ 85 ದಾಟಿತು. 2013ರ ಆರಂಭದಲ್ಲಿ ಒಂದು ಡಾಲರಿಗೆ ಎರಡು ಲಿರಾಕ್ಕಿಂತ ಕಡಿಮೆ ಇತ್ತು, 2024ರ ಕೊನೆಗೆ 35ರ ಆಸುಪಾಸು. ಮಗಳ ಮದುವೆಗೆಂದು ಲಿರಾದಲ್ಲೇ ಹಣ ಕೂಡಿಟ್ಟ ನೌಕರನ ಸ್ಥಿತಿಯನ್ನು ಯೋಚಿಸಿ. ಡಾಲರ್, ಚಿನ್ನ, ಮನೆ ಕೊಂಡಿಟ್ಟವನಿಗೆ ಏನೂ ಆಗಲಿಲ್ಲ.

ಜನ ಲಿರಾ ಬಿಟ್ಟು ಡಾಲರಿಗೆ ಓಡದಿರಲೆಂದು 2021ರ ಡಿಸೆಂಬರ್‌ನಲ್ಲಿ ಹೊಸ ಠೇವಣಿ ಯೋಜನೆ ತಂದರು: ಲಿರಾ ಕುಸಿದರೆ ಬಡ್ಡಿಯನ್ನು ಮೀರಿದ ನಷ್ಟವನ್ನು ಸರ್ಕಾರವೇ ತುಂಬಿಕೊಡುತ್ತದೆ. ಲಿರಾ ಕುಸಿಯಿತು, ಸರ್ಕಾರ ತುಂಬಿಕೊಟ್ಟಿತು. ದೊಡ್ಡ ಠೇವಣಿಯಿದ್ದವರು ಯಾರು? ಶ್ರೀಮಂತರು. ಹಣ ಯಾರದು? ಬ್ರೆಡ್ ಕೊಳ್ಳುವಾಗಲೂ ತೆರಿಗೆ ಕಟ್ಟುವವರದು. 2023ರ ಮೇ ಚುನಾವಣೆ ಗೆದ್ದ ಮೇಲೆ ಎರ್ಡೋಗನ್ ಸ್ವತಃ ಹಳೆಯ ಹಣಕಾಸು ಸಚಿವರನ್ನು ಕರೆತಂದರು, 2024ರ ಮಾರ್ಚ್ ವೇಳೆಗೆ ಬಡ್ಡಿದರ ಶೇ 50ಕ್ಕೆ ಏರಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ. ಆದರೂ ಹಾಕಿದರು ಎಂಬುದು ಅವರ ಪರವಾಗಿ ಹೇಳಬಹುದಾದ ಮಾತು. ವೆನೆಜುವೆಲಾದಲ್ಲಿ ಬಾಗಿಲೇ ಉಳಿದಿರಲಿಲ್ಲ.

ಸರಾಸರಿಗೆ ಬಗ್ಗದವರು ಮತ್ತು ನಮ್ಮ ಅಡಿಕೆ

ಎಲ್ಲರ ಕಥೆಯೂ ಹೀಗೆಯೇ ಮುಗಿದಿಲ್ಲ. ಬೊಲಿವಿಯಾದಲ್ಲಿ ಇವೋ ಮೊರಾಲೆಸ್ 2006ರಿಂದ 2019ರವರೆಗೆ ಆಳಿದರು. ಅನಿಲವನ್ನು ರಾಷ್ಟ್ರೀಕರಣ ಮಾಡಿದರು, ಆದರೆ ವರ್ಷಗಟ್ಟಲೆ ಬೊಕ್ಕಸವನ್ನು ಬಿಗಿಯಾಗಿ ಹಿಡಿದು ವಿದೇಶಿ ವಿನಿಮಯ ಕೂಡಿಟ್ಟರು. ವರ್ಷಕ್ಕೆ ಶೇ 4–5ರ ಬೆಳವಣಿಗೆ, ಶೇ 60ರ ಹತ್ತಿರವಿದ್ದ ಬಡತನ 40ರ ಕೆಳಗೆ. ಪೋಲೆಂಡ್‌ನಲ್ಲಿ 2015ರಿಂದ 2023ರವರೆಗಿನ ಸರ್ಕಾರ ನ್ಯಾಯಾಲಯಗಳೊಂದಿಗೆ ಕಾದಾಡಿತು, ಮಕ್ಕಳಿರುವ ಮನೆಗೆ ಮಗುವಿಗೆ ತಿಂಗಳಿಗೆ 500 ಝ್ಲೋಟಿಯಂತೆ ಕೊಟ್ಟಿತು. ಒಟ್ಟಾರೆಯಾಗಿ ಆರ್ಥಿಕತೆ ಬೆಳೆಯಿತು. ಯುರೋಪಿಯನ್ ಒಕ್ಕೂಟದ ಮಾರುಕಟ್ಟೆಯೂ ನಿಯಮಗಳೂ ಹೊರಗಿನಿಂದ ಹಿಡಿದಿದ್ದವು. 2023ರಲ್ಲಿ ಮತದಾರರೇ ಇಳಿಸಿದರು. ತಡೆಯುವ ಕೈ ಎಲ್ಲೋ ಒಂದು ಕಡೆ ಉಳಿದಿದ್ದರೆ ಹಾನಿ ಕಡಿಮೆ ಎಂದು ನಾನು ಇದನ್ನು ಓದಿಕೊಳ್ಳುತ್ತೇನೆ.

ಮೇಲ್ವರ್ಗದ ವಿರುದ್ಧದ ಸಿಟ್ಟೂ ಎಲ್ಲ ಸಲ ಕಟ್ಟುಕಥೆಯಲ್ಲ. ದೇವರಾಜ ಅರಸರ 1974ರ ಭೂಸುಧಾರಣೆಯಿಂದ ಹೆಚ್ಚಿನ ಲಾಭ ಪಡೆದ ಜಿಲ್ಲೆಗಳಲ್ಲಿ ಉತ್ತರ ಕನ್ನಡವೂ ಒಂದು. ಗೇಣಿ ಅಳೆದು ಬೆನ್ನು ಬಾಗಿದವರಿಗೆ ಭೂಮಿ ಸಿಕ್ಕಿತು. ಕಾನೂನು ಬಂತು, ನ್ಯಾಯಮಂಡಳಿಗಳು ಕೂತವು, ಒಡೆಯನಿಗೂ ಗೇಣಿದಾರನಿಗೂ ವಾದಿಸಲು ಜಾಗವಿತ್ತು, ಸೋತವನಿಗೆ ಮೇಲಿನ ಕೋರ್ಟಿತ್ತು. ಭೂಮಿ ಕಳೆದುಕೊಂಡ ಮನೆಗಳ ನೋವು ಇಂದಿಗೂ ಮಾತಿನಲ್ಲಿ ಇಣುಕುತ್ತದೆ. ಆದರೆ ಅದರಿಂದ ಜಿಲ್ಲೆಯ ಆರ್ಥಿಕತೆ ಮುಳುಗಲಿಲ್ಲ. ಗೇಣಿದಾರರ ಮಕ್ಕಳು ಶಾಲೆಗೆ ಹೋದರು. ಬಡವರಿಗೆ ಕೊಟ್ಟದ್ದೆಲ್ಲ ಕೆಟ್ಟ ಅರ್ಥಶಾಸ್ತ್ರ ಎನ್ನುವವರು ಅಂಕೋಲಾ, ಕುಮಟಾದ ಹಳ್ಳಿಗಳಲ್ಲಿ ಒಮ್ಮೆ ವಿಚಾರಿಸಬಹುದು.

ಆಮದು ಸುಂಕದ ವಿಷಯದಲ್ಲಿ ನಾವೇ ಕಕ್ಷಿದಾರರು. ಸುಂಕ ಏರಿಸುವುದು, ಹೊರಗಿನ ಮಾಲು ತಡೆಯುವುದು ಜನಪ್ರಿಯತಾವಾದಿ ಸರ್ಕಾರಗಳ ಸಾಮಾನ್ಯ ಲಕ್ಷಣ. ದೀರ್ಘಕಾಲದಲ್ಲಿ ಬೆಳವಣಿಗೆ ಕುಗ್ಗಲು ಅದೂ ಒಂದು ಕಾರಣ. ಅಡಿಕೆಗೆ ಶೇ 100 ಆಮದು ಸುಂಕವಿದೆ. 2023ರ ಫೆಬ್ರುವರಿಯಲ್ಲಿ ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251ರಿಂದ 351 ರೂಪಾಯಿಗೆ ಏರಿಸಿದಾಗ ಶಿರಸಿ, ಸಿದ್ದಾಪುರದಲ್ಲಿ ಯಾರೂ ಅದನ್ನು ಟೀಕಿಸಲಿಲ್ಲ. ನಾನೂ ಟೀಕಿಸುವುದಿಲ್ಲ, ಬೇಲಿ ತೆಗೆದರೆ ಬೀಳುವ ಮನೆಗಳು ನನಗೆ ಗೊತ್ತು. ಆದರೆ ಬೇಲಿಯೊಳಗಿನ ಬೆಲೆ ನೋಡಿ ದಾವಣಗೆರೆ, ಚಿತ್ರದುರ್ಗದ ಬಯಲಿನಲ್ಲಿ ಕೊಳವೆಬಾವಿ ಕೊರೆದು ತೋಟ ಎಬ್ಬಿಸಿದವರು ಎಷ್ಟು ಮಂದಿ! ಭತ್ತದ ಗದ್ದೆಗಳೂ ಅಡಿಕೆಯಾಗುತ್ತಿವೆ. ಹೊರಗಿನ ಅಡಿಕೆಯನ್ನು ಸುಂಕ ತಡೆಯುತ್ತದೆ, ಒಳಗಿನ ಅಡಿಕೆಯನ್ನು ತಡೆಯುವುದು ಯಾವುದು? ರಕ್ಷಣೆ ಕೊಟ್ಟ ಬೆಲೆಯ ಸುತ್ತ ಎಲ್ಲರೂ ಬಂದು ನಿಲ್ಲುತ್ತಾರೆ, ಆಮೇಲೆ ಅದನ್ನು ಮುಟ್ಟಲು ಯಾವ ಸರ್ಕಾರಕ್ಕೂ ಧೈರ್ಯ ಬರುವುದಿಲ್ಲ.

ಮುಟ್ಟಿದವರ ಗತಿ ಏನಾಗುತ್ತದೆ ಎಂಬುದೂ ದಾಖಲಾಗಿದೆ. ಮೊರಾಲೆಸ್ 2010ರ ಡಿಸೆಂಬರ್ 26ರಂದು ಇಂಧನದ ಸಹಾಯಧನ ತೆಗೆದರು. ಪೆಟ್ರೋಲ್ ಬೆಲೆ ಒಂದೇ ದಿನ ಶೇ 70ಕ್ಕೂ ಹೆಚ್ಚು ಏರಿತು. ಬೀದಿಗಿಳಿದವರು ಅವರದೇ ಮತದಾರರು. ಡಿಸೆಂಬರ್ 31ರಂದು ಆದೇಶ ವಾಪಸ್. ಆ ಸಹಾಯಧನ ಮುಂದೆಯೂ ಬೊಕ್ಕಸವನ್ನು ತಿನ್ನುತ್ತಲೇ ಹೋಯಿತು, ಅನಿಲದ ಆದಾಯ ಕುಗ್ಗಿತು, 2023ರಲ್ಲಿ ಜನ ಡಾಲರಿಗಾಗಿ ಕೇಂದ್ರ ಬ್ಯಾಂಕಿನ ಮುಂದೆ ಸಾಲು ನಿಂತರು. ಅಷ್ಟರಲ್ಲಿ ಮೊರಾಲೆಸ್ ಅಧಿಕಾರದಿಂದ ಇಳಿದು ವರ್ಷಗಳಾಗಿದ್ದವು.

ಬಿಲ್ಲು ಬರುವುದು ಬಹಳ ಸಲ ಮುಂದಿನವರ ಹೆಸರಿಗೇ. ಅರ್ಜೆಂಟೀನಾದಲ್ಲಿ ಕಿರ್ಚ್ನರ್ ದಂಪತಿಗಳು, ಮೊದಲು ನೆಸ್ಟರ್, ಆಮೇಲೆ ಪತ್ನಿ ಕ್ರಿಸ್ಟಿನಾ, 12 ವರ್ಷ ಬ್ಯೂನಸ್ ಐರಿಸ್‌ನ ವಿದ್ಯುತ್ ಮತ್ತು ಅನಿಲದ ದರವನ್ನು ಹೆಚ್ಚುಕಡಿಮೆ ನಿಂತಲ್ಲೇ ನಿಲ್ಲಿಸಿದ್ದರು. ಅಗ್ಗದ ಕರೆಂಟು ಉಳ್ಳವರ ಮನೆಯ ಎ.ಸಿ.ಗೆ ಹೆಚ್ಚು ಹರಿಯಿತು. ಕಂಪನಿಗಳು ತಂತಿ, ಟ್ರಾನ್ಸ್‌ಫಾರ್ಮರ್ ಬದಲಿಸಲಿಲ್ಲ. ಬೇಸಿಗೆಯಲ್ಲಿ ಕತ್ತಲೆ ಮಾಮೂಲಾಯಿತು. 2015ರಲ್ಲಿ ಗೆದ್ದ ಮೌರಿಸಿಯೋ ಮಾಕ್ರಿ ಮರುವರ್ಷ ದರ ಏರಿಸಿದರು, ಕೆಲವರ ಬಿಲ್ಲು ಹಲವು ಪಟ್ಟಾಯಿತು. ಅವರು ಸರಿಯಾದದ್ದನ್ನೇ ಮಾಡಿದರು ಎಂದೇನೂ ಅಲ್ಲ. 2018ರಲ್ಲಿ ಪೆಸೊ ಕುಸಿದು ಐಎಂಎಫ್ ಬಾಗಿಲು ತಟ್ಟಬೇಕಾಯಿತು, ಆ ಎಡವಟ್ಟು ಅವರದೇ. ಆದರೆ ಜನರ ನೆನಪಿನಲ್ಲಿ ಉಳಿದದ್ದು ಅಗ್ಗದ ಕರೆಂಟಿನ ಕಾಲ ಮತ್ತು ಬಿಲ್ಲು ಏರಿಸಿದವನ ಹೆಸರು. 2019ರಲ್ಲಿ ಮಾಕ್ರಿ ಸೋತರು. ಗೆದ್ದ ಜೋಡಿಯಲ್ಲಿ ಉಪಾಧ್ಯಕ್ಷೆಯಾಗಿ ಬಂದವರು ಕ್ರಿಸ್ಟಿನಾ ಕಿರ್ಚ್ನರ್.